ವಸ್ತಿ ಬಸ್ಸಿನಲ್ಲಿ ಬರುವ ಊಟ

ಕಾಲೇಜು ಹುಡುಗರ ಊಟದ ಮಾತು ಬಂದರೆ ಸಾಕು, ಎಲ್ಲರೂ ಮೊದಲು ಗೋಬಿ ಮಂಚೂರಿಯನ್ನು ಬೈಯುತ್ತಾರೆ. ಆಮೇಲೆ ಎಗ್ ರೈಸು, ನೂಡಲ್ಸು, ಕೊನೆಗೆ ಮೊಬೈಲು. ಗೋಬಿಯನ್ನು ನಾನೂ ಹೊಗಳುವುದಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ಒಳ್ಳೆಯದೇ ಆಯಿತು ಅನ್ನಿಸಿತ್ತು. ಆದರೆ ಧಾರವಾಡದಲ್ಲಿ ಇಷ್ಟು ವರ್ಷ ಪಾಠ ಮಾಡಿದ ಮೇಲೆ ನನಗೆ ಹೆಚ್ಚು ಚಿಂತೆ ಹಚ್ಚಿರುವುದು ಬೇರೆಯೇ. ಸಂಜೆ ಈ ಮಕ್ಕಳು ಏನು ತಿನ್ನುತ್ತಾರೆ ಅನ್ನುವುದಕ್ಕಿಂತ, ಬೆಳಿಗ್ಗೆಯಿಂದ ಅಲ್ಲಿಯವರೆಗೆ ಏನನ್ನೂ ತಿಂದಿರುವುದಿಲ್ಲ ಅನ್ನುವುದು.

ಮೊದಲ ಪಿರಿಯಡ್‌ಗೆ ಹೋದರೆ ಮುಖ ನೋಡಿಯೇ ಗೊತ್ತಾಗುತ್ತದೆ. ಕಣ್ಣು ಬೋರ್ಡಿನ ಮೇಲೆ ಇರುತ್ತದೆ, ಮನಸ್ಸು ನಿಲ್ಲುವುದಿಲ್ಲ. "ನಾಷ್ಟಾ ಆತೇನ್ವಾ?" ಅಂದರೆ, "ಇಲ್ರಿ ಮೇಡಂ, ಬಸ್ ತಪ್ತಿತ್ರಿ" ಎಂಬ ಉತ್ತರ. ಹಳ್ಳಿಯಿಂದ ದಿನಾ ಓಡಾಡುವ ಹುಡುಗಿಯರು ನಸುಕಿನಲ್ಲೇ ಮನೆ ಬಿಡುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಉಳಿಯಿತು. ಕಾಲೇಜು ಬಿಡಬೇಕಿದ್ದ ಎಷ್ಟೋ ಹುಡುಗಿಯರು ಅದರಿಂದ ಓದು ಮುಂದುವರಿಸಿದ್ದಾರೆ. ನನಗೆ ಅದು ಬಹಳ ಸಂತೋಷದ ವಿಷಯ. ಆದರೆ ಅವರು ಹೊರಡುವ ಹೊತ್ತಿಗೆ ಮನೆಯಲ್ಲಿ ಇನ್ನೂ ಒಲೆ ಹೊತ್ತಿರುವುದಿಲ್ಲ. ಚಹಾ ಕುಡಿದು ಬರುತ್ತಾರೆ. ಅದಕ್ಕೆ ಎರಡು ಬಿಸ್ಕಿಟ್ ಅದ್ದಿಕೊಂಡರೆ ಆಯಿತು, ಮಧ್ಯಾಹ್ನ ಒಂದು ಗಂಟೆಯವರೆಗೆ ಅದೇ ಆಧಾರ.

ಇದೇ ಹುಡುಗಿ ಹತ್ತನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದ್ದರೆ ಅವಳಿಗೆ ಮಧ್ಯಾಹ್ನ ಬಿಸಿಯೂಟ ಇತ್ತು. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿತ್ತು. ಈಗಿನ ಮಕ್ಕಳಿಗೆ ಮೊಟ್ಟೆಯೂ ಸಿಗುತ್ತದೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣೋ ಚಿಕ್ಕಿಯೋ ಕೊಡುತ್ತಾರೆ. ಡಿಗ್ರಿ ಕಾಲೇಜಿನ ಬಾಗಿಲಿಗೆ ಬರುವಷ್ಟರಲ್ಲಿ ಇದ್ಯಾವುದೂ ಇಲ್ಲ. ಮೂಳೆ ಗಟ್ಟಿಯಾಗುವ, ರಕ್ತಕ್ಕೆ ಕಬ್ಬಿಣಾಂಶ ಜಾಸ್ತಿ ಬೇಕಾದ ವಯಸ್ಸು ಅದು. ಅದೇ ಹೊತ್ತಿಗೆ ಮನೆಯ ಊಟ, ಶಾಲೆಯ ಊಟ ಎರಡೂ ತಪ್ಪುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ. ಹುಡುಗರಲ್ಲೂ ಶೇ. 31. ಕರ್ನಾಟಕದ ಹುಡುಗಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು. ಅಂದರೆ ನನ್ನ ಕ್ಲಾಸಿನ ಒಂದು ಬೆಂಚಿನಲ್ಲಿ ನಾಲ್ವರು ಕೂತಿದ್ದರೆ ಅವರಲ್ಲಿ ಇಬ್ಬರಿಗೆ ಸುಸ್ತು ಆಗಲು ಕಾರಣ ರಕ್ತದಲ್ಲೇ ಇರಬಹುದು. ಅವರನ್ನು ಸೋಮಾರಿಗಳು ಅಂತ ಬೈದು ಏನು ಪ್ರಯೋಜನ?

ಈ ಊರಿನಲ್ಲಿ ರೂಮು ಮಾಡಿಕೊಂಡು ಓದುವವರ ಲೆಕ್ಕ ಬೇರೆ. ಸಪ್ತಾಪುರದ ಕಡೆ ಹೋದರೆ ಓಣಿ ಓಣಿಯಲ್ಲೂ ಕೋಚಿಂಗ್ ಸೆಂಟರು, ಪಿಜಿ, ರೀಡಿಂಗ್ ರೂಮು. ಕೆಎಎಸ್, ಪಿಎಸ್ಐ, ಶಿಕ್ಷಕರ ನೇಮಕಾತಿ ಅಂತ ರಾಜ್ಯದ ಮೂಲೆಮೂಲೆಯಿಂದ ಬಂದ ಹುಡುಗರು. ಡಿಗ್ರಿ ಮುಗಿಯುವ ಮೊದಲೇ ಇಲ್ಲಿಗೆ ಸೇರಿಕೊಳ್ಳುವವರೂ ಇದ್ದಾರೆ. ರಾತ್ರಿ ತಡವಾಗಿ ಮಲಗುವುದು, ಬೆಳಿಗ್ಗೆ ತಡವಾಗಿ ಏಳುವುದು. ನಾಷ್ಟಾ ಬಿಟ್ಟರೆ ಅಷ್ಟು ದುಡ್ಡು ಉಳಿಯುತ್ತದೆ ಎಂಬ ಲೆಕ್ಕ. ಮೆಸ್ಸಿನಲ್ಲಿ ಎರಡು ಹೊತ್ತು ಊಟ. ಅನ್ನ ಬೇಕಾದಷ್ಟು, ಸಾರು ನೀರು ನೀರು, ಆಲೂಗಡ್ಡೆ ಪಲ್ಯ ಒಂದು ಸೌಟು. ಮೆಸ್ ನಡೆಸುವವರ ಕಷ್ಟವೂ ನನಗೆ ಅರ್ಥವಾಗುತ್ತದೆ. ಬೇಳೆ, ಎಣ್ಣೆ, ಸಿಲಿಂಡರ್ ಎಲ್ಲದರ ಬೆಲೆ ಏರಿದೆ, ಹುಡುಗರು ಕೊಡುವ ದುಡ್ಡು ಅಷ್ಟು ಏರಿಲ್ಲ. ಆದರೆ ಕಡಿಮೆಯಾಗುವುದು ಯಾವಾಗಲೂ ಬೇಳೆ ಮತ್ತು ಸೊಪ್ಪು, ಅನ್ನ ಅಲ್ಲ.

ಇಷ್ಟರ ನಡುವೆ ಈ ಭಾಗದಲ್ಲಿ ಇನ್ನೂ ಉಳಿದಿರುವ ಒಂದು ಪದ್ಧತಿಯ ಬಗ್ಗೆ ಹೇಳಲೇಬೇಕು. ಬಸ್ಸಿನಲ್ಲಿ ಬರುವ ಬುತ್ತಿ.

ದಕ್ಷಿಣದ ಕಡೆಯ ಓದುಗರಿಗೆ ಇದು ಗೊತ್ತಿರಲಿಕ್ಕಿಲ್ಲ. ರಾತ್ರಿ ಹಳ್ಳಿಯಲ್ಲೇ ಉಳಿದು ಬೆಳಿಗ್ಗೆ ಪೇಟೆಗೆ ಹೊರಡುವ ಸರ್ಕಾರಿ ಬಸ್ಸನ್ನು ನಮ್ಮಲ್ಲಿ ವಸ್ತಿ ಬಸ್ ಅನ್ನುತ್ತಾರೆ. ಆ ಬಸ್ ಹೊರಡುವ ಹೊತ್ತಿಗೆ ಊರಿನ ತಾಯಂದಿರು, ಅಪ್ಪಂದಿರು, ಕೆಲವೊಮ್ಮೆ ಅಜ್ಜಂದಿರು ಕೈಚೀಲ ಹಿಡಿದು ಬಂದು ನಿಲ್ಲುತ್ತಾರೆ. ಚೀಲದ ಮೇಲೆ ಮಗನ ಹೆಸರು, ಫೋನ್ ನಂಬರು. ಡ್ರೈವರ್ ಪಕ್ಕದಲ್ಲೋ ಹಿಂದಿನ ಸೀಟಿನ ಕೆಳಗೋ ಸಾಲಾಗಿ ಇಡುತ್ತಾರೆ. ಪೇಟೆಯ ಬಸ್ ನಿಲ್ದಾಣದಲ್ಲಿ ಹುಡುಗರು ಕಾದು ನಿಂತು ತಮ್ಮ ತಮ್ಮ ಚೀಲ ಎತ್ತಿಕೊಂಡು ಹೋಗುತ್ತಾರೆ. ನಿನ್ನೆಯ ಖಾಲಿ ಡಬ್ಬಿ ಅದೇ ಬಸ್ಸಿನಲ್ಲಿ ವಾಪಸ್. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಈ ಎಲ್ಲ ಕಡೆ ತಲೆಮಾರುಗಳಿಂದ ಹೀಗೆ ಓದಿದವರಿದ್ದಾರೆ. ಚೀಲ ಅದಲುಬದಲಾಗದ ಹಾಗೆ ನೋಡಿಕೊಳ್ಳುವ, ಮಳೆ ಬಂದರೆ ಮೇಲೆ ತಾಡಪತ್ರಿ ಹೊದಿಸುವ ಕಂಡಕ್ಟರ್, ಡ್ರೈವರುಗಳಿಗೆ ನಾವು ಎಷ್ಟು ಋಣಿಗಳಾಗಿರಬೇಕು ಅನ್ನುವುದನ್ನು ಯಾರೂ ಬರೆದಿಟ್ಟಿಲ್ಲ. ನಾನಾದರೂ ಇಲ್ಲಿ ಬರೆಯುತ್ತೇನೆ.

ಆ ಚೀಲದೊಳಗೆ ಏನಿರುತ್ತದೆ? ಬಿಳಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ. ಹೆಸರುಕಾಳಿನದೋ ಮಡಕಿಕಾಳಿನದೋ ಪಲ್ಯ. ಶೇಂಗಾ ಚಟ್ನಿ, ಗುರೆಳ್ಳು (ಹುಚ್ಚೆಳ್ಳು) ಚಟ್ನಿ, ಅಗಸಿ ಚಟ್ನಿ, ಇವುಗಳಲ್ಲಿ ಒಂದೆರಡು. ಕಾಲ ಬಂದಾಗ ಪುಂಡಿಪಲ್ಯ. ಒಂದು ಉಳ್ಳಾಗಡ್ಡಿ, ಒಂದು ಸೌತೆಕಾಯಿ, ಕಟ್ಟಿದ ಮೆಂತ್ಯ ಸೊಪ್ಪು. ಸಣ್ಣ ಡಬ್ಬಿಯಲ್ಲಿ ಗಟ್ಟಿ ಮೊಸರು. ಪಂಚಮಿ ಹಿಂದೆಮುಂದೆ ಆದರೆ ಶೇಂಗಾ ಉಂಡಿ, ಎಳ್ಳುಂಡಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಆಹಾರದ ಮಾರ್ಗಸೂಚಿ ಬಿಡುಗಡೆ ಮಾಡಿತು. 2,000 ಕ್ಯಾಲೊರಿಯ ಒಂದು ದಿನದ ತಟ್ಟೆಯಲ್ಲಿ 400 ಗ್ರಾಂ ತರಕಾರಿ, 85 ಗ್ರಾಂ ಬೇಳೆಕಾಳು, 35 ಗ್ರಾಂ ಎಣ್ಣೆಬೀಜ, 100 ಗ್ರಾಂ ಹಣ್ಣು, 300 ಮಿ.ಲೀ. ಹಾಲು ಅಥವಾ ಮೊಸರು ಇರಲಿ, ಧಾನ್ಯದಿಂದ ಬರುವ ಶಕ್ತಿ ಶೇ. 45 ಮೀರದಿರಲಿ ಎಂದು ಅದು ಹೇಳುತ್ತದೆ. ಓದುವಾಗ ನನಗೆ ಕಣ್ಣ ಮುಂದೆ ಬಂದದ್ದು ಈ ಬುತ್ತಿಯೇ. ಹಣ್ಣೊಂದನ್ನು ಬಿಟ್ಟರೆ ಎಲ್ಲವೂ ಅಲ್ಲಿದೆ.

ಸುಮ್ನೆ ಹೊಗಳುವುದು ಬೇಡ, ಲೆಕ್ಕ ಹಾಕೋಣ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಅಂತ ಹಿಡಿಯಿರಿ. ಎರಡು ರೊಟ್ಟಿಯಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಅಷ್ಟೇ ನಾರು. ಒಣಕಾಳು 40 ಗ್ರಾಂ ಹಾಕಿ ಮಾಡಿದ ಪಲ್ಯದಲ್ಲಿ 9 ಗ್ರಾಂ ಪ್ರೋಟೀನ್. ಎರಡು ಮೂರು ಚಮಚ ಶೇಂಗಾ ಚಟ್ನಿಯಲ್ಲಿ 4. ಸಣ್ಣ ಬಟ್ಟಲು ಮೊಸರಿನಲ್ಲಿ 3. ಒಟ್ಟು 26ರ ಆಸುಪಾಸು. ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು ಅನ್ನುವುದು ಅದೇ ಸಂಸ್ಥೆಯ ಲೆಕ್ಕ. 55 ಕಿಲೋ ತೂಕದ ಹುಡುಗನಿಗೆ ಸುಮಾರು 46 ಗ್ರಾಂ. ಅಂದರೆ ಒಂದೇ ಹೊತ್ತಿನ ಬುತ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಂತು. ನಾನು ಮೇಲೆ ಹೇಳಿದ ಮೆಸ್ಸಿನ ತಟ್ಟೆಯಲ್ಲಿ ಇಷ್ಟು ಸಿಗುವುದು ಕಷ್ಟ.

ಅದರಲ್ಲೂ ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳಿನಲ್ಲಿ ಅದು ಚೆನ್ನಾಗಿದೆ. ಎರಡೂ ಸೇರಿದಾಗ ದೇಹಕ್ಕೆ ಸರಿಯಾಗಿ ದಕ್ಕುತ್ತದೆ. ರೊಟ್ಟಿಯ ಜೊತೆ ಕಾಳುಪಲ್ಯ ಇರಲೇಬೇಕು ಅಂತ ನಮ್ಮ ಅಜ್ಜಿಯಂದಿರು ಹಟ ಹಿಡಿಯುತ್ತಿದ್ದುದು ಎಷ್ಟು ಸರಿ, ಅಲ್ವಾ? ಅಗಸಿಯಲ್ಲಿ ಒಮೆಗಾ-3 ಜಾತಿಯ ಕೊಬ್ಬು ಇದೆ. ಗುರೆಳ್ಳಿನಲ್ಲಿ ಕಬ್ಬಿಣಾಂಶ ಇದೆ. ಈ ಪುಟ್ಟ ಪುಟ್ಟ ಚಟ್ನಿಪುಡಿ ಡಬ್ಬಿಗಳನ್ನು ಬರೀ ನಾಲಿಗೆ ರುಚಿಗೆ ಅಂದುಕೊಂಡವರು ಇನ್ನೊಮ್ಮೆ ನೋಡಬೇಕು. ಒಣಭೂಮಿಯಲ್ಲಿ ಬೆಳೆದ ಕಾಳು, ಎಣ್ಣೆಬೀಜಗಳನ್ನು ವರ್ಷವಿಡೀ ಊಟಕ್ಕೆ ಸೇರಿಸುವ ದಾರಿ ಅದು.

ಆದರೆ ಈ ಬುತ್ತಿಯ ಹಿಂದೆ ಒಬ್ಬಳು ತಾಯಿ ಇದ್ದಾಳೆ. ವಸ್ತಿ ಬಸ್ ಹೊರಡುವ ಮೊದಲು ರೊಟ್ಟಿ ಬಡಿದು, ಪಲ್ಯ ಮಾಡಿ, ಕಟ್ಟಿ ಕಳಿಸಿ, ಆಮೇಲೆ ಹೊಲಕ್ಕೆ ಹೋಗುವವಳು. ಇದನ್ನು ಮರೆತು ಬುತ್ತಿಯ ಬಗ್ಗೆ ಚೆಂದ ಚೆಂದ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಮಗ ಓದಲಿ ಎಂದು ಅವಳು ನಿದ್ದೆ ಬಿಟ್ಟು ಮಾಡಿದ ರೊಟ್ಟಿ, ಎಷ್ಟೋ ರೂಮುಗಳಲ್ಲಿ ಸಂಜೆಗೆ ಹಾಗೇ ಉಳಿದಿರುತ್ತದೆ. ಗೆಳೆಯರ ಮುಂದೆ ರೊಟ್ಟಿ ಬಿಚ್ಚಲು ಸಂಕೋಚ ಪಡುವ ಹುಡುಗರನ್ನು ಕಂಡಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಇನ್ನೊಂದು ಮಾತೂ ಹೇಳುತ್ತೇನೆ. ಬುತ್ತಿ ಹೆಚ್ಚಾಗಿ ಬರುವುದು ಗಂಡುಮಕ್ಕಳಿಗೆ. ರೂಮು ಮಾಡಿಕೊಂಡ ಹೆಣ್ಣುಮಗಳಿಗೆ "ನೀನೇ ಮಾಡ್ಕೋ" ಅನ್ನುವ ಮನೆಗಳು ಇನ್ನೂ ಇವೆ. ಅವಳಿಗೂ ಪರೀಕ್ಷೆ ಅಷ್ಟೇ ಕಷ್ಟದ್ದು.

ಹಾಗಾದರೆ ಬುತ್ತಿ ಬರದವರು ಏನು ಮಾಡಬೇಕು? ಚಿತ್ರದುರ್ಗದಿಂದಲೋ ಶಿವಮೊಗ್ಗದಿಂದಲೋ ಬಂದ ಹುಡುಗಿಗೆ ಯಾವ ವಸ್ತಿ ಬಸ್ಸೂ ಇಲ್ಲ. ಪಿಜಿಯಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ. ಇಲ್ಲೇ ಬುತ್ತಿಯಿಂದ ಕಲಿಯುವುದು ಬಹಳ ಇದೆ. ಅದು ಪ್ರಯಾಣಕ್ಕೆ ಅಂತಲೇ ಹುಟ್ಟಿದ ಊಟ. ರೊಟ್ಟಿ, ಚಟ್ನಿಪುಡಿ ಬೇಗ ಕೆಡುವುದಿಲ್ಲ, ಬಿಸಿ ಮಾಡಬೇಕಿಲ್ಲ, ಫ್ರಿಜ್ ಬೇಕಿಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ರೊಟ್ಟಿ ಕೇಂದ್ರಗಳಿಗೆ ಬರವಿಲ್ಲ. ಹೆಂಗಸರೇ ಸೇರಿ ನಡೆಸುವ ಕೇಂದ್ರಗಳೂ ಇವೆ. ಅಲ್ಲಿ ಸಿಗುವ ಖಡಕ್ ರೊಟ್ಟಿ ಗಾಳಿಯಾಡದ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ. ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಯೂ ಅಲ್ಲೇ ಸಿಗುತ್ತದೆ. ಮೊಸರು ಬೇಕಾದಾಗ ಪಕ್ಕದ ಅಂಗಡಿಯಿಂದ ಒಂದು ಪ್ಯಾಕೆಟ್. ನನ್ನ ವಿದ್ಯಾರ್ಥಿನಿಯೊಬ್ಬಳು ಹೆಸರುಕಾಳನ್ನು ಹಿಂದಿನ ದಿನ ನೆನೆಸಿ, ರಾತ್ರಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಬೆಳಿಗ್ಗೆ ಮೊಳಕೆಗೆ ಕುದಿಯುವ ನೀರು ಹಾಕಿ ಸ್ವಲ್ಪ ಹೊತ್ತು ಮುಚ್ಚಿಟ್ಟು ಬಸಿಯುತ್ತಾಳೆ. ಉಳ್ಳಾಗಡ್ಡಿ, ಲಿಂಬೆರಸ, ಉಪ್ಪು ಹಾಕಿದರೆ ಅವಳ ನಾಷ್ಟಾ ಆಯಿತು. ನೀರು ಕಾಯಿಸುವ ಕೆಟಲ್ ಇಡಲು ಅವಳ ಪಿಜಿಯಲ್ಲಿ ಒಪ್ಪಿದ್ದಾರೆ. ಒಪ್ಪದ ಕಡೆ ಪುಠಾಣಿ, ಅಂದರೆ ಹುರಿಗಡಲೆ ಇದೆ. ಒಂದು ಹಿಡಿ ಪುಠಾಣಿ, ಅರ್ಧ ಹಿಡಿ ಹುರಿದ ಶೇಂಗಾ, ಒಂದು ತುಂಡು ಬೆಲ್ಲ, ಒಂದು ಬಾಳೆಹಣ್ಣು. ಅವಲಕ್ಕಿಯನ್ನು ಮೊಸರಿನಲ್ಲಿ ನೆನೆಸಿದರೂ ಹತ್ತು ನಿಮಿಷದಲ್ಲಿ ನಾಷ್ಟಾ. ಚುರುಮುರಿ ಮಾತ್ರ ತಿಂದರೆ ಹೊಟ್ಟೆ ತುಂಬಿದ ಹಾಗೆ ಅನ್ನಿಸಿ ಗಂಟೆಯಲ್ಲಿ ಮತ್ತೆ ಹಸಿಯುತ್ತದೆ, ಅದಕ್ಕೆ ಪುಠಾಣಿ, ಶೇಂಗಾ ಜಾಸ್ತಿಯೇ ಬೆರೆಸಿಕೊಳ್ಳಿ. ತತ್ತಿ ತಿನ್ನುವವರಿಗೆ ಇನ್ನೂ ಸುಲಭ. ಒಂದು ಬೇಯಿಸಿದ ತತ್ತಿಯಲ್ಲಿ 6 ಗ್ರಾಂ ಪ್ರೋಟೀನ್.

ಹಳೆ ಮೈಸೂರು ಕಡೆಯವರಿಗೆ ರೊಟ್ಟಿ ರೂಢಿಯಿಲ್ಲದಿದ್ದರೆ ರಾಗಿ ಹುರಿಹಿಟ್ಟು ತರಿಸಿಕೊಳ್ಳಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂನ ಆಸುಪಾಸು ಅಷ್ಟೇ. ಹಾಲು, ಬೆಲ್ಲ ಹಾಕಿ ಕಲಸಿದರೆ ಆಯಿತು, ಒಲೆಯ ಹಂಗಿಲ್ಲ.

ಕಬ್ಬಿಣಾಂಶದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. 18 ವರ್ಷ ದಾಟಿದ ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು, ಗಂಡಸರಿಗೆ 19. ಸೊಪ್ಪು, ಕಾಳು, ಧಾನ್ಯದಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಪೂರ್ತಿ ದಕ್ಕುವುದಿಲ್ಲ. ಊಟದ ಜೊತೆಗೇ ಚಹಾ ಕುಡಿದರೆ ಇನ್ನೂ ಕಡಿಮೆ ದಕ್ಕುತ್ತದೆ. ನಮ್ಮ ಕಡೆ ನಾಷ್ಟಾ ಅಂದರೆ ಪಕ್ಕದಲ್ಲಿ ಚಹಾದ ಕಪ್ಪು ಇರಲೇಬೇಕು. ಚಹಾ ಬಿಡಿ ಅಂತ ಧಾರವಾಡದಲ್ಲಿ ಕೂತು ಹೇಳಲು ನನಗೂ ಬಾಯಿ ಬರುವುದಿಲ್ಲ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರ ಇರಲಿ, ಸಾಕು. ಜೊತೆಗೆ ವಿಟಮಿನ್ ಸಿ ಇರುವುದನ್ನು ತಿಂದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಲಿಂಬೆ ಹಿಂಡಿಕೊಳ್ಳಿ. ಅದಕ್ಕಿಂತ ಒಳ್ಳೆಯದು ಪೇರಲ. ನವಲೂರಿನ ಪೇರಲ ಈ ಊರಿನ ಹೆಮ್ಮೆ. ಹಂಗಾಮಿನಲ್ಲಿ ರಸ್ತೆ ಬದಿಯಲ್ಲೇ ಬುಟ್ಟಿ ಇಟ್ಟು ಮಾರುತ್ತಾರೆ. ಕಿತ್ತಳೆಗಿಂತ ಎಷ್ಟೋ ಪಟ್ಟು ಹೆಚ್ಚು ವಿಟಮಿನ್ ಸಿ ಅದರಲ್ಲಿದೆ. ಬುತ್ತಿಯಲ್ಲಿ ಕಾಣದ ಹಣ್ಣು ಇಲ್ಲೇ ಸಿಕ್ಕಿತು ನೋಡಿ. ಊಟವಾದ ಮೇಲೆ ಉಪ್ಪು ಖಾರ ಹಚ್ಚಿದ ಅರ್ಧ ಪೇರಲ ತಿನ್ನಲು ಯಾರೂ ಬೇಡ ಅನ್ನುವುದಿಲ್ಲ. ಇಷ್ಟೆಲ್ಲ ಮಾಡಿಯೂ ಮೆಟ್ಟಿಲು ಹತ್ತುವಾಗ ಎದೆ ಢವಢವ ಅನ್ನುತ್ತಿದ್ದರೆ, ತಿಂಗಳ ಸ್ರಾವ ಜಾಸ್ತಿ ಇದ್ದರೆ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ಅಂಥ ಹೊತ್ತಿನಲ್ಲಿ ಊಟ ಒಂದೇ ಸಾಲುವುದಿಲ್ಲ, ಮಾತ್ರೆ ಬೇಕಾಗುತ್ತದೆ.

ಜಿಮ್ಮಿಗೆ ಹೋಗುವ ಹುಡುಗರು ದುಬಾರಿ ಪ್ರೋಟೀನ್ ಪುಡಿ ತಂದು, ಬುತ್ತಿಯ ಕಾಳುಪಲ್ಯ ಗೆಳೆಯನಿಗೆ ಕೊಡುತ್ತಾರೆ. ತೆಳ್ಳಗಾಗಬೇಕೆಂದು ರಾತ್ರಿ ಊಟ ಬಿಡುವ ಹುಡುಗಿಯರೂ ಹೆಚ್ಚುತ್ತಿದ್ದಾರೆ. ಇಬ್ಬರಿಗೂ ನಾನು ಹೇಳುವುದು, ಮೊದಲು ಮೂರು ಹೊತ್ತು ಸರಿಯಾಗಿ ಉಣ್ಣಿ, ಮಿಕ್ಕಿದ್ದನ್ನು ಆಮೇಲೆ ಯೋಚಿಸೋಣ.

ಇಷ್ಟೆಲ್ಲ ವಿದ್ಯಾರ್ಥಿಯ ಕೈಯಲ್ಲಿರುವುದು. ಆದರೆ ಎಲ್ಲವನ್ನೂ ಅವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಓದುವ ಮಕ್ಕಳ ಹೊಟ್ಟೆ ಊರಿನ ಹೊಣೆ ಅನ್ನುವ ತಿಳಿವಳಿಕೆ ನಮ್ಮ ನಾಡಿನಲ್ಲಿ ಹಳೆಯದು. ದಿನಕ್ಕೊಂದು ಮನೆಯಲ್ಲಿ ವಾರಾನ್ನ ಉಂಡು ಓದಿ ದೊಡ್ಡವರಾದವರು ಎಷ್ಟು ಮಂದಿ! ವಾರಾನ್ನದಲ್ಲಿ ಜಾತಿಯ ಗೆರೆ ಇತ್ತು, ಎಲ್ಲರಿಗೂ ಎಲ್ಲ ಮನೆಯ ಬಾಗಿಲು ತೆರೆದಿರಲಿಲ್ಲ. ಆ ಗೆರೆ ದಾಟಿದ್ದು ಪ್ರಸಾದ ನಿಲಯಗಳು, ಹಾಸ್ಟೆಲುಗಳು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಈ ಭಾಗದ ತುಂಬ ಇದ್ದಾರೆ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಇಂದಿಗೂ ನಿತ್ಯ ದಾಸೋಹ ನಡೆಯುತ್ತಿದೆ. ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾಸಿರಿ ಯೋಜನೆ, ಹಾಸ್ಟೆಲ್ ಸಿಗದವರಿಗೆ ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಕೊಡುವ ಲೆಕ್ಕದಲ್ಲಿ ಶುರುವಾಯಿತು. ದಿನಕ್ಕೆ 50 ರೂಪಾಯಿ. ಅದರಲ್ಲೇ ರೂಮಿನ ಬಾಡಿಗೆಯೂ ಸೇರಬೇಕಿತ್ತು. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನು 5 ರೂಪಾಯಿಗೆ ನಾಷ್ಟಾ, 10 ರೂಪಾಯಿಗೆ ಊಟ ಕೊಟ್ಟು ಎಷ್ಟೋ ಹುಡುಗರ ಹೊಟ್ಟೆ ತುಂಬಿಸಿದೆ. ಅಂಥದ್ದೊಂದು ಪ್ರತಿ ಸರ್ಕಾರಿ ಕಾಲೇಜಿನ ಆವರಣದಲ್ಲಿ ಏಕಿರಬಾರದು?

ಅದು ಸರ್ಕಾರ ಮಾಡಬೇಕಾದ ಕೆಲಸ, ಹೊತ್ತು ಹಿಡಿಯುತ್ತದೆ. ಕಾಲೇಜುಗಳು ನಾಳೆಯಿಂದಲೇ ಮಾಡಬಹುದಾದ್ದೂ ಇದೆ. ಎರಡನೇ ಪಿರಿಯಡ್ ಆದ ಮೇಲೆ 20 ನಿಮಿಷ ಬಿಡುವು ಕೊಡಿ. ನಸುಕಿನಲ್ಲಿ ಮನೆ ಬಿಟ್ಟವರು ಆಗಲಾದರೂ ಡಬ್ಬಿ ಬಿಚ್ಚುತ್ತಾರೆ. ಹುಡುಗಿಯರಿಗೆ, ಹುಡುಗರಿಗೆ ಕೂತು ಉಣ್ಣಲು ಒಂದು ಕೋಣೆ, ಕೈ ತೊಳೆಯಲು ಎರಡು ನಲ್ಲಿ, ಕುಡಿಯುವ ನೀರು. ಎಷ್ಟೋ ಕಾಲೇಜುಗಳಲ್ಲಿ ಇವತ್ತಿಗೂ ಹುಡುಗಿಯರು ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಉಣ್ಣುತ್ತಾರೆ. ಕ್ಯಾಂಟೀನಿನ ಟೆಂಡರ್ ಕೊಡುವಾಗ ಕಾಳಿನ ಉಸಳಿ, ಬೇಯಿಸಿದ ತತ್ತಿ, ಬಾಳೆಹಣ್ಣು ಕಡ್ಡಾಯ ಎಂದು ಒಂದು ಸಾಲು ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಊರಿನಲ್ಲಿರುವ ಅಪ್ಪ ಅವ್ವಂದಿರಿಗೂ ಒಂದು ಮಾತು. ಮಗ ಫೋನ್ ಮಾಡಿ "ಯವ್ವಾ, ಪಲ್ಯಾ ಬ್ಯಾಡ, ಬರೇ ಚಟ್ನಿ ಕಳಸು" ಅಂದರೂ ಕಾಳಿನ ಡಬ್ಬಿ ತಪ್ಪಿಸಬೇಡಿ. ಬೇಸಿಗೆಯಲ್ಲಿ ರಸದ ಪಲ್ಯ ಮಧ್ಯಾಹ್ನಕ್ಕೇ ಹಳಸುತ್ತದೆ, ಹಾಗಾಗಿ ಮಾರ್ಚ್‌ನಿಂದ ಮೇವರೆಗೆ ಕಾಳನ್ನು ಒಣಗಿಸಿ ಹುರಿದು ಒಗ್ಗರಣೆ ಹಾಕಿ ಕಳಿಸಿ. ಮೊಸರು ಆ ಮೂರು ತಿಂಗಳು ಬೇಡ, ಅವನು ಇಲ್ಲೇ ಕೊಂಡುಕೊಳ್ಳಲಿ. ಮಗಳು ರೂಮು ಮಾಡಿದ್ದರೆ ಅವಳ ಹೆಸರಿನ ಚೀಲವೂ ಅದೇ ಬಸ್ಸಿನಲ್ಲಿ ಬರಲಿ.